ಸಹಾಯ ಬೇಕು: ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಗೊಡ್ಡೇನಾ?

ಎಲ್ಲರಿಗೂ ನಮಸ್ಕಾರ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಮೂರು ವಾರದ ಹಿಂದೆ ನಮ್ಮ ಎಚ್‌ಎಫ್ ತಳಿಯ ಹಸು ಅವಳಿ ಈದಿದೆ. ಒಂದು ಗಂಡು, ಒಂದು ಹೆಣ್ಣು. ಹೆಣ್ಣುಕರು ನೋಡಿ ಅಮ್ಮನಿಗೆ ತುಂಬಾ ಖುಷಿ. ಆದರೆ ಡೈರಿಗೆ ಹಾಲು ಹಾಕಲು ಹೋದಾಗ ಹಿರಿಯರೊಬ್ಬರು, "ಗಂಡಿನ ಜೊತೆ ಹುಟ್ಟಿದ್ದು ಗಬ್ಬ ನಿಲ್ಲಲ್ಲ ಕಣಪ್ಪ" ಅಂದರು.

ಓದಿ ನೋಡಿದೆ. ಅವರು ಸುಮ್ನೆ ಹೇಳಿದ್ದಲ್ಲ. ಇಂಥ ಕರುವಿಗೆ ಫ್ರೀಮಾರ್ಟಿನ್ ಅನ್ನುತ್ತಾರೆ. ಹೊಟ್ಟೆಯೊಳಗೆ ಎರಡೂ ಕರುಗಳ ಮಾಸಿನ ರಕ್ತನಾಳಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಗಂಡುಕರುವಿನ ವೃಷಣದಿಂದ ಬರುವ ಎಎಂಎಚ್ ಹಾರ್ಮೋನು ಹೆಣ್ಣಿನ ಮೈಗೂ ಹರಿಯುತ್ತದೆ. ಗಂಡಿನಲ್ಲಿ ಗರ್ಭಕೋಶ ಬೆಳೆಯದ ಹಾಗೆ ತಡೆಯುವುದು ಅದರ ಕೆಲಸ. ಹೆಣ್ಣಿನಲ್ಲೂ ಅದನ್ನೇ ಮಾಡಿಬಿಡುತ್ತದೆ. ಅಂಡಾಶಯವೂ ಸರಿಯಾಗಿ ಬೆಳೆಯುವುದಿಲ್ಲ. ಹೊರಗಿನಿಂದ ನೋಡಿದರೆ ಮಾತ್ರ ಹೆಣ್ಣುಕರುವೇ! ಇದಕ್ಕೆ ಹಾರ್ಮೋನು ಕಾರಣ ಅಂತ ಅಮೆರಿಕದ ಪ್ರಾಣಿವಿಜ್ಞಾನಿ ಫ್ರಾಂಕ್ ಲಿಲ್ಲಿ 1916ರಲ್ಲೇ ಹೇಳಿದ್ದರು.

ಇಂಥ ಜೋಡಿಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಹೆಣ್ಣುಕರುಗಳು ಗೊಡ್ಡಾಗುತ್ತವೆ. ರಕ್ತನಾಳ ಸೇರದಿದ್ದರೆ ತೊಂದರೆ ಇಲ್ಲ. ನಮ್ಮದು ಆ ಉಳಿದವುಗಳಲ್ಲಿ ಒಂದಾಗಿರಬಹುದು ಅಲ್ವಾ?

ಎಳೆ ಕರುವಿನ ಯೋನಿಯ ಉದ್ದ ಅಳೆದರೆ ತಿಳಿಯುತ್ತದಂತೆ. ಸಾಮಾನ್ಯ ಕರುವಿನಲ್ಲಿ ಸುಮಾರು 13-15 ಸೆಂ.ಮೀ., ಫ್ರೀಮಾರ್ಟಿನ್‌ನಲ್ಲಿ 5-6 ಅಷ್ಟೇ. ಸಾಮಾನ್ಯವಾಗಿ ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮನ್ನು ಕರುವಿನ ರಕ್ತದಲ್ಲಿ ಹುಡುಕುವ ಪರೀಕ್ಷೆ ಇನ್ನೂ ಖಚಿತ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಮಾಡಿಸಿದವರು ಯಾರಾದರೂ ಇದ್ದೀರಾ? ಕರುವನ್ನೇ ಕರೆದೊಯ್ಯಬೇಕಾ, ರಕ್ತ ಕೊಟ್ಟರೆ ಸಾಕಾ? ಎಷ್ಟು ಖರ್ಚಾಯಿತು? ಬೆದೆಗೆ ಬರುವ ತನಕ ಕಾದು, ಆಮೇಲೆ ಗೊಡ್ಡು ಅಂತ ಗೊತ್ತಾದರೆ ಅಮ್ಮ ತಡೆದುಕೊಳ್ಳಲ್ಲ. ಈಗಲೇ ಹೆಸರಿಟ್ಟು ಕರೆಯುತ್ತಿದ್ದಾರೆ. ದಯವಿಟ್ಟು ಗೊತ್ತಿದ್ದವರು ತಿಳಿಸಿ.