ಸಹಾಯ ಬೇಕು: ಫ್ರೀಮಾಂಟ್ ಸ್ಕೂಲ್ ಬೋರ್ಡ್ ಚುನಾವಣೆ, ನನ್ನ ಮೊದಲ ಮತ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಮೆರಿಕದ ಸಿಟಿಜನ್ ಆದೆ, ಈಗ ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಿದವರಿಗೆಲ್ಲ ಹೀಗೇ ಕಳಿಸುತ್ತಾರಂತೆ. ಊರಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಅಭ್ಯಾಸ, ಇದು ಸ್ವಲ್ಪ ಸಪ್ಪೆ ಅನ್ನಿಸಿತು!

ನನ್ನ ಮುಖ್ಯ ಚಿಂತೆ ಸಹಿಯದ್ದು. ಡಿಎಂವಿಯಲ್ಲಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿ) ಕನ್ನಡದಲ್ಲಿ ಸಹಿ ಮಾಡಿದ್ದೆ. ಆಮೇಲೆ ಬ್ಯಾಂಕಿನವರ ಕಾಟಕ್ಕೆ ಇಂಗ್ಲಿಷಿಗೆ ಬದಲಾದೆ. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯಲ್ಲಿರುವುದರ ಜೊತೆ ತಾಳೆ ನೋಡುತ್ತಾರೆ, ಅಲ್ವಾ? ಹಾಗಾದರೆ ಕನ್ನಡದ್ದನ್ನೇ ಹಾಕಲೇ? ಹೊಂದದಿದ್ದರೆ ಕೌಂಟಿಯ ಚುನಾವಣಾ ಕಚೇರಿಯಿಂದ ಪತ್ರ ಬರುತ್ತದೆ, ಸರಿಪಡಿಸಬಹುದು ಅಂತ ಓದಿದೆ. ಯಾರಿಗಾದರೂ ಹಾಗೆ ಬಂದಿತ್ತಾ?

ಇನ್ನೊಂದು. ಇಲ್ಲಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಈ ಬೋರ್ಡಿನಲ್ಲಿ ಐದು ಜನ ಟ್ರಸ್ಟಿಗಳು (ಸದಸ್ಯರು), ನಮಗೆ ನಮ್ಮ ಏರಿಯಾದವರನ್ನು ಆರಿಸುವುದಷ್ಟೇ. ಹೆಸರಿನ ಮುಂದೆ ಪಕ್ಷವೂ ಇರುವುದಿಲ್ಲ. ಕರಪತ್ರಗಳೆಲ್ಲ ಒಂದೇ ರಾಗ: ‘ಮಕ್ಕಳೇ ಮೊದಲು’. ಸುಮ್ನೆ ಇದನ್ನು ನಂಬಿ ಹಾಕಲು ಮನಸ್ಸಿಲ್ಲ. ಬಜೆಟ್, ಶಾಲೆಗಳ ಗಡಿ (ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಅನ್ನುವುದು) ಬದಲಾವಣೆ ಬಗ್ಗೆ ಯಾರು ಏನು ಹೇಳಿದ್ದಾರೆ? ಬೋರ್ಡ್ ಸಭೆಗಳಿಗೆ ಹೋಗುವವರು ಇದ್ದರೆ ದಯವಿಟ್ಟು ತಿಳಿಸಿ. ಇಂಥವರಿಗೇ ಹಾಕಿ ಅನ್ನುವುದು ಬೇಡ, ಕಂಡದ್ದು ಹೇಳಿದರೆ ಸಾಕು.

ಲಕೋಟೆ ಊಟದ ಟೇಬಲ್ ಮೇಲಿದೆ, ಮಗಳು ಆಗಲೇ ಅದರ ಮೇಲೆ ಸಾರು ಚೆಲ್ಲಿದ್ದಾಳೆ. ಅದಕ್ಕೂ ಏನಾದರೂ ಪರಿಹಾರ ಇದ್ದರೆ ಹೇಳಿ.