ಪದಚರ್ಚೆ: ‘ವರ್ಗಾವಣೆ’ಯೋ, ‘ಹಕ್ಕು ಬಿಡುಗಡೆ’ಯೋ?

ಬಳಗದವರಿಗೆ ನಮಸ್ಕಾರ.

ಹತ್ತು ದಿನದಿಂದ ಒಂದು ಪದ ನನ್ನ ಬೆನ್ನು ಬಿದ್ದಿದೆ. ಅಪರೂಪದ ಪದವೇನಲ್ಲ, ಕಚೇರಿ ಕ್ಯಾಂಟೀನಿನಲ್ಲಿ ದಿನಾ ಕೇಳಿಸುವಂಥದ್ದು: ಟ್ರಾನ್ಸ್‌ಫರ್. ನನ್ನ ತಂಗಿಯ ಮಗಳು ಅಮೆರಿಕದ ಕೆಂಟಕಿ ರಾಜ್ಯದ ಒಂದು ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ. ತನ್ನ ಕೆಲಸದ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಇಲ್ಲಿನ ವಿಜ್ಞಾನ ಮಾಸಿಕವೊಂದಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಶೀರ್ಷಿಕೆಯಲ್ಲೇ ಗಾಡಿ ನಿಂತಿತು. ‘ವಿಕಿರಣಶೀಲ ವಸ್ತುಗಳ ನಿಯಂತ್ರಣಾಧಿಕಾರ ಫೆಡರಲ್ ಸರ್ಕಾರದಿಂದ ರಾಜ್ಯಕ್ಕೆ ವರ್ಗಾವಣೆ’ ಎಂದು ಬರೆದು ಅವಳಿಗೆ ಕಳಿಸಿದ್ದೆ. ರಾತ್ರಿ ಫೋನ್ ಬಂತು. “ದೊಡ್ಡಮ್ಮ, ವರ್ಗಾವಣೆ ಅಂದ್ರೆ ಅಪ್ಪನಿಗೆ ರಾಯಚೂರಿಗೆ ಆಗಿತ್ತಲ್ಲ, ಅದಲ್ವಾ? ಇಲ್ಲಿ ಆಗಿದ್ದು ಅದಲ್ಲ. ಯಾರೂ ಏನನ್ನೂ ಎಲ್ಲಿಗೂ ಕಳಿಸಿಲ್ಲ.”

ಹಾಗಾದರೆ ಆಗಿದ್ದೇನು ಎಂದು ಅವಳನ್ನು ಕೇಳಿ, ಕಾಯ್ದೆಯನ್ನೂ ತೆರೆದು ನೋಡಿದೆ. ಅಮೆರಿಕದ 1954ರ ಪರಮಾಣು ಶಕ್ತಿ ಕಾಯ್ದೆಯ ಪ್ರಕಾರ ಯುರೇನಿಯಂ, ಥೋರಿಯಂ, ಪ್ಲುಟೋನಿಯಂ, ರಿಯಾಕ್ಟರಿನಲ್ಲಿ ತಯಾರಾದ ಐಸೋಟೋಪುಗಳು, ಇವೆಲ್ಲದರ ಲೈಸೆನ್ಸು, ತಪಾಸಣೆ ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಪರಮಾಣು ಆಯೋಗದ ಕೈಯಲ್ಲಿತ್ತು. 1959ರಲ್ಲಿ ಆ ಕಾಯ್ದೆಗೆ 274ನೇ ಪ್ರಕರಣವನ್ನು ಸೇರಿಸಿದರು. ರಾಜ್ಯದ ಗವರ್ನರ್ ಕೇಳಿಕೊಂಡು, ಆ ರಾಜ್ಯದಲ್ಲಿ ತಕ್ಕ ವ್ಯವಸ್ಥೆ ಇದೆಯೆಂದು ಆಯೋಗಕ್ಕೆ ಮನವರಿಕೆಯಾದರೆ ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಬಹುದು. ಮೊದಲು ಸಹಿ ಹಾಕಿದ್ದು ಕೆಂಟಕಿಯೇ. 1962ರ ಮಾರ್ಚ್ 26ರಿಂದ ಒಪ್ಪಂದ ಜಾರಿಗೆ ಬಂತು. 2019ರಲ್ಲಿ ವರ್ಮಾಂಟ್ ಸೇರಿದಾಗ ಇಂಥ ರಾಜ್ಯಗಳು 39 ಆದವು. ಅಲ್ಲಿ ಇವಕ್ಕೆ ‘ಅಗ್ರಿಮೆಂಟ್ ಸ್ಟೇಟ್’ ಎನ್ನುತ್ತಾರೆ. ‘ಒಪ್ಪಂದ ರಾಜ್ಯ’ ಎಂದರೆ ಸಾಕು, ಅದರಲ್ಲಿ ನನಗೆ ತಕರಾರಿಲ್ಲ.

ಎಲ್ಲವೂ ರಾಜ್ಯದ ಪಾಲಿಗೆ ಬಂದಿಲ್ಲ. ಪರಮಾಣು ವಿದ್ಯುತ್ ಸ್ಥಾವರ, ಆಮದು-ರಫ್ತು, ಸಮುದ್ರದಲ್ಲಿ ತ್ಯಾಜ್ಯ ಮುಳುಗಿಸುವುದು ಆಯೋಗದ ಹತ್ತಿರವೇ ಉಳಿದಿವೆ. ಸರಪಳಿ ಕ್ರಿಯೆ ನಡೆಯುವಷ್ಟು ಪ್ರಮಾಣದ ಯುರೇನಿಯಂ, ಪ್ಲುಟೋನಿಯಂ ಕೂಡ ಅಷ್ಟೆ. ಒಪ್ಪಂದದಡಿ ಬರುವುದು ಯುರೇನಿಯಂ-235 ಆದರೆ 350 ಗ್ರಾಂ, ಪ್ಲುಟೋನಿಯಂ ಆದರೆ 200 ಗ್ರಾಂ ಮಿತಿಯೊಳಗಿನದು ಮಾತ್ರ. ಥೈರಾಯಿಡ್ ರೋಗಿಗೆ ಕುಡಿಸುವ ಅಯೋಡಿನ್-131, ಪೈಪ್‌ಲೈನಿನ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡುವ ಇರಿಡಿಯಂ-192, ರಸ್ತೆಯ ಡಾಂಬರು ಸರಿಯಾಗಿ ಕುಳಿತಿದೆಯೇ ಎಂದು ಅಳೆಯುವ ಗೇಜಿನೊಳಗಿನ ಸೀಸಿಯಂ-137, ಇಂಥವು ರಾಜ್ಯದ ವ್ಯಾಪ್ತಿಗೆ ಬರುತ್ತವೆ.

ಈಗ ಪದದ ವಿಷಯ. ಪ್ರಕರಣದ ಬಿ ಉಪಪ್ರಕರಣದಲ್ಲಿರುವುದು ‘ಟ್ರಾನ್ಸ್‌ಫರ್’ ಅಲ್ಲ, ‘ಡಿಸ್‌ಕಂಟಿನ್ಯೂಅನ್ಸ್’. ಆಯೋಗ ತನ್ನ ನಿಯಂತ್ರಣವನ್ನು ನಿಲ್ಲಿಸುತ್ತದೆ, ಅಷ್ಟೆ. ಮುಂದಿನ ವಾಕ್ಯ ಇನ್ನೂ ಸೂಕ್ಷ್ಮ. ಒಪ್ಪಂದ ಇರುವಷ್ಟು ಕಾಲ ರಾಜ್ಯಕ್ಕೆ ಅಧಿಕಾರ ‘ಕೊಡಲಾಗಿದೆ’ ಎಂದು ಅಲ್ಲಿ ಬರೆದಿಲ್ಲ, ಅಧಿಕಾರ ಇದೆಯೆಂದು ‘ಮಾನ್ಯ ಮಾಡಲಾಗಿದೆ’ ಎಂದಿದೆ. ಆಯೋಗದ ಕಚೇರಿ ಭಾಷೆಯಲ್ಲಿ ಇದಕ್ಕೆ ‘ರೆಲಿಂಕ್ವಿಶ್’ (ಬಿಟ್ಟುಕೊಡು) ಎಂಬ ಕ್ರಿಯಾಪದ ಓಡಾಡುತ್ತದೆ. ಅಂದರೆ ತನ್ನ ಜನರ ಆರೋಗ್ಯ, ಸುರಕ್ಷತೆ ಕಾಯುವ ಅಧಿಕಾರ ರಾಜ್ಯಕ್ಕೆ ಮೊದಲಿನಿಂದಲೂ ಇತ್ತು. ಫೆಡರಲ್ ಕಾಯ್ದೆ ಬಂದು ಆ ಜಾಗದಲ್ಲಿ ಕೂತಿದ್ದರಿಂದ ಅದು ಮಲಗಿತ್ತು. ಕೂತವರು ಎದ್ದರು, ಮಲಗಿದ್ದು ಎಚ್ಚರಾಯಿತು.

ಮೊದಲು ನನ್ನ ತಲೆಗೆ ಬಂದದ್ದು ಬಸ್ಸಿನ ಸೀಟು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಟವೆಲ್ ತೆಗೆದುಕೊಂಡರೆ, ಪಕ್ಕದಲ್ಲಿ ನಿಂತವರು ಕೂರುತ್ತಾರೆ. ಅವರ ಹತ್ತಿರ ಟಿಕೆಟ್ ಮೊದಲೇ ಇತ್ತು, ಟವೆಲಿನವರು ಕೊಟ್ಟದ್ದಲ್ಲ. ಹೀಗೆ ಯೋಚಿಸಿದಾಗ ‘ತೆರವು’ ಸಿಕ್ಕಿತು. ತೆರವಾದ ವಿಧಾನಸಭಾ ಸ್ಥಾನ ಎನ್ನುತ್ತೇವೆ. ‘ಅಧಿಕಾರ ತೆರವು’ ಎಂದರೇನು ತಪ್ಪು? ತಪ್ಪಿಲ್ಲ, ಆದರೆ ಬೆಂಗಳೂರಿನವರಿಗೆ ‘ತೆರವು’ ಎಂದ ಕೂಡಲೇ ಹಿಂದೆ ‘ಒತ್ತುವರಿ’ಯೂ ಮುಂದೆ ಜೆಸಿಬಿಯೂ ಕಾಣುತ್ತವೆ. ಆಯೋಗ ರಾಜ್ಯದ ಜಾಗ ಒತ್ತುವರಿ ಮಾಡಿತ್ತು ಎಂಬ ಧ್ವನಿ ಬಂದುಬಿಡುತ್ತದೆ. ಪರಮಾಣು ಸುರಕ್ಷತೆಯ ಇಡೀ ಕ್ಷೇತ್ರ ಫೆಡರಲ್ ಸರ್ಕಾರದ್ದು ಎಂದು ಅಲ್ಲಿನ ಸುಪ್ರೀಂ ಕೋರ್ಟೇ 1983ರಲ್ಲಿ ಕ್ಯಾಲಿಫೋರ್ನಿಯಾದ ಮೊಕದ್ದಮೆಯೊಂದರಲ್ಲಿ ಹೇಳಿದೆ. ಹಾಗಿರುವಾಗ ಒತ್ತುವರಿ ಎನ್ನುವಂತಿಲ್ಲ.

‘ಹಸ್ತಾಂತರ’ ಯೋಚಿಸಿದೆ. ಪ್ರಾಧಿಕಾರ ಬಡಾವಣೆ ಕಟ್ಟಿ ಪಾಲಿಕೆಗೆ ಹಸ್ತಾಂತರಿಸುತ್ತದೆ. ಪಾರ್ಕು, ಚರಂಡಿ, ಬೀದಿದೀಪ ಲೆಕ್ಕದ ಸಮೇತ ಕೈ ಬದಲಾಗುತ್ತವೆ. ಇಲ್ಲಿಯೂ ಹಸ್ತಾಂತರ ಎನ್ನಬಹುದಾದ ಒಂದು ಭಾಗವಿದೆ. ಒಪ್ಪಂದ ಜಾರಿಗೆ ಬರುವ ದಿನ ಆ ರಾಜ್ಯದ ಲೈಸೆನ್ಸುದಾರರ ಕಡತಗಳು ಆಯೋಗದಿಂದ ರಾಜ್ಯದ ಕಚೇರಿಗೆ ಹೋಗುತ್ತವೆ. ಕಡತಕ್ಕೆ ಹಸ್ತಾಂತರ ಸರಿ. ಅಧಿಕಾರಕ್ಕೆ ಅಲ್ಲ.

‘ಪ್ರತ್ಯಾಯೋಜನೆ’ಯನ್ನು ಸರ್ಕಾರಿ ಕನ್ನಡದಲ್ಲಿ ಡೆಲಿಗೇಷನ್‌ಗೆ ಬಳಸುತ್ತೇವೆ. ಅದನ್ನು ಉಚ್ಚರಿಸುವ ಕಷ್ಟ ಹಾಗಿರಲಿ, ಅರ್ಥವೇ ಬೇರೆ. ಮೇಲಿನವರ ಅಧಿಕಾರ ಮೇಲಿನವರದ್ದಾಗಿಯೇ ಇದ್ದು, ಕೆಳಗಿನವರು ಅವರ ಪರವಾಗಿ ಚಲಾಯಿಸುವುದು ಪ್ರತ್ಯಾಯೋಜನೆ. ನಮ್ಮ ದೇಶದಲ್ಲಿ ನಡೆದದ್ದು ಅದು. ಪರಮಾಣು ಶಕ್ತಿ ಸಂವಿಧಾನದ ಕೇಂದ್ರ ಪಟ್ಟಿಯ 6ನೇ ನಮೂದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು 1983ರ ನವೆಂಬರಿನಲ್ಲಿ ರಚಿಸಿದ್ದೇ ನಮ್ಮ 1962ರ ಪರಮಾಣು ಶಕ್ತಿ ಕಾಯ್ದೆಯ 27ನೇ ಪ್ರಕರಣದಡಿ, ಮತ್ತು ಆ ಪ್ರಕರಣದ ಹೆಸರೇ ಅಧಿಕಾರ ಪ್ರತ್ಯಾಯೋಜನೆ! ಕೇರಳ, ಮಿಜೋರಾಂಗಳಲ್ಲಿ ರಾಜ್ಯದ ವಿಕಿರಣ ಸುರಕ್ಷತಾ ನಿರ್ದೇಶನಾಲಯಗಳಿವೆ. ಆಸ್ಪತ್ರೆಗಳ ಎಕ್ಸ್-ರೇ ಘಟಕಗಳ ತಪಾಸಣೆಯನ್ನು ಮಂಡಳಿ ಅವಕ್ಕೆ ವಹಿಸಿದೆ. ‘ವಹಿಸಿದೆ’ ಎಂಬ ಕ್ರಿಯಾಪದ ಅಲ್ಲಿ ಹೊಂದುತ್ತದೆ. ಕೆಂಟಕಿಗೆ ಹೊಂದುವುದಿಲ್ಲ. “ನಮ್ಮ ಲೈಸೆನ್ಸ್ ಹಾಳೆ ಮೇಲೆ ವಾಷಿಂಗ್ಟನ್ ಹೆಸರು ಎಲ್ಲೂ ಇಲ್ಲ ದೊಡ್ಡಮ್ಮ. ಪರ ಅಲ್ಲ, ಬದಲಿ ಅಲ್ಲ, ರಾಜ್ಯವೇ ಕೊಡುತ್ತೆ” ಎಂದಳು ಹುಡುಗಿ.

ಅಷ್ಟರಲ್ಲಿ ನೆನಪಾದದ್ದು ನಮ್ಮ ಮನೆಯದೇ ಒಂದು ಕಾಗದ. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯನ್ನು ಅಣ್ಣನ ಹೆಸರಿಗೆ ಮಾಡಲು ನಾನೂ ತಂಗಿಯೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆವು. ಹೊರಗಿನ ಹುಣಸೆ ಮರದ ಕೆಳಗೆ ಪತ್ರ ಬರೆಯುವವರು, ಹಳೆ ಟೈಪ್‌ರೈಟರ್, ಮೇಜಿನ ಮೇಲೆ ಸ್ಟಾಂಪ್ ಪ್ಯಾಡಿನ ನೀಲಿ ಕಲೆ. ತಂಗಿ, “ಅಣ್ಣನಿಗೆ ನಮ್ಮ ಭಾಗ ಕೊಡ್ತಿದೀವಿ ಅಂತ ಬರೀರಿ” ಎಂದಳು. ಆತ ಕನ್ನಡಕದ ಮೇಲಿಂದ ನೋಡಿ, “ಕೊಡೋದಲ್ಲಮ್ಮ, ಬಿಡೋದು. ಕೊಟ್ರೆ ದಾನಪತ್ರ, ಮಾರಿದ್ರೆ ಕ್ರಯಪತ್ರ. ಇದು ಹಕ್ಕು ಬಿಡುಗಡೆ. ಅವರದೂ ಮೊದ್ಲೇ ಇತ್ತಲ್ಲ, ನೀವು ಬಿಟ್ರೆ ಅವರದು ಪೂರ್ತಿ ಆಗುತ್ತೆ” ಎಂದು ಟಕಟಕ ಕುಟ್ಟತೊಡಗಿದ. ‘ನಮಗಿರುವ ಹಕ್ಕುಬಾಧ್ಯತೆಗಳನ್ನು ತಮ್ಮ ಪರವಾಗಿ ಬಿಟ್ಟುಕೊಟ್ಟಿರುತ್ತೇವೆ’ ಎಂಬ ಸಾಲು ಇನ್ನೂ ನನಗೆ ಬಾಯಿಪಾಠ. ಹಕ್ಕು ಬಿಡುಗಡೆ ಪತ್ರ ಮಾಡಿಕೊಡುವುದು ಆಸ್ತಿಯಲ್ಲಿ ಮೊದಲೇ ಪಾಲಿರುವವರಿಗೆ, ದಾರಿಹೋಕರಿಗಲ್ಲ.

ರೆಲಿಂಕ್ವಿಶ್ ಎಂಬುದರ ಒಳಗುಟ್ಟು ಇದಕ್ಕಿಂತ ಚೆನ್ನಾಗಿ ಹೇಳುವ ಕನ್ನಡ ಪದ ನನಗೆ ಸಿಕ್ಕಿಲ್ಲ. ನಿಘಂಟಿನಿಂದ ಎತ್ತಿದ್ದೂ ಅಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ದಿನವೂ ಬರೆಯುವ ಪದ.

ಆದರೆ ಶೀರ್ಷಿಕೆಯಲ್ಲಿ ಇಟ್ಟು ನೋಡಿ: ‘ವಿಕಿರಣಶೀಲ ವಸ್ತು: ರಾಜ್ಯಗಳಿಗೆ ಬಿಡುಗಡೆ’. ಓದಿದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ! ‘ಅನಿಲ ಬಿಡುಗಡೆ’, ‘ನೀರು ಬಿಡುಗಡೆ’ ಓದಿ ರೂಢಿಯಾದ ಕಣ್ಣಿಗೆ ವಿಕಿರಣದ ಪಕ್ಕ ‘ಬಿಡುಗಡೆ’ ಸೋರಿಕೆಯಾಗಿಯೇ ಕಾಣುತ್ತದೆ. ಕೆಲವು ಕಡೆ ಇದೇ ಕಾಗದಕ್ಕೆ ‘ಹಕ್ಕು ಖುಲಾಸೆ ಪತ್ರ’ ಎನ್ನುತ್ತಾರೆ. ಖುಲಾಸೆ ಎಂದರೆ ಪತ್ರಿಕೆ ಓದುಗರಿಗೆ ಆರೋಪಿ ನಿರ್ದೋಷಿಯಾಗಿ ಹೊರಬಂದಂತೆ. ಆಯೋಗದ ಮೇಲೆ ಕೇಸೇನೂ ಇರಲಿಲ್ಲ.

ಹೋಲಿಕೆ ಇನ್ನೊಂದು ಕಡೆಯೂ ಕುಂಟುತ್ತದೆ. ನಾವು ಬಿಟ್ಟ ಹಕ್ಕು ಬಿಟ್ಟದ್ದೇ. ಆಯೋಗ ಹಾಗಲ್ಲ, ಜನರ ಸುರಕ್ಷತೆಗೆ ಬೇಕೆನಿಸಿದರೆ ನೋಟಿಸು ಕೊಟ್ಟು, ವಿಚಾರಣೆ ನಡೆಸಿ ಒಪ್ಪಂದವನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಕೆಲವು ವರ್ಷಕ್ಕೊಮ್ಮೆ ಬಂದು ರಾಜ್ಯದ ಕೆಲಸವನ್ನು ಪರಿಶೀಲಿಸುತ್ತದೆ. ರಾಜ್ಯವೇ ‘ಬೇಡ, ನೀವೇ ನೋಡಿಕೊಳ್ಳಿ’ ಎನ್ನುವುದೂ ಉಂಟು. ಐಡಾಹೊ 1991ರಲ್ಲಿ ಹಾಗೆ ಮಾಡಿತು. ಹಕ್ಕು ಬಿಡುಗಡೆ ಆದ ಮೇಲೆ ಅಣ್ಣ ಬಂದು ಮನೆ ವಾಪಸು ತಗೊಳ್ಳಿ ಅಂದ ಹಾಗೆ. ನಮ್ಮಣ್ಣ ಅಂಥವನಲ್ಲ.

ಇದೇ ಲೇಖನದಲ್ಲಿ ಕಾಲಿಗೆ ಸಿಕ್ಕ ಇನ್ನಷ್ಟು ಪದಗಳನ್ನೂ ಹೇಳಿಬಿಡುತ್ತೇನೆ. ‘ಗವರ್ನರ್’ಗೆ ‘ರಾಜ್ಯಪಾಲ’ ಬೇಡವೆಂದು ನಿರ್ಧರಿಸಿದ್ದೇನೆ. ಅಲ್ಲಿನ ಗವರ್ನರ್ ಜನರಿಂದ ಆರಿಸಿ ಬಂದವರು, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿಗೆ ಹತ್ತಿರ. ರಾಜ್ಯಪಾಲರು ಸಹಿ ಹಾಕಿದರು ಎಂದು ಬರೆದರೆ ಓದುಗರು ರಾಜಭವನಕ್ಕೆ ಹೋಗಿಬಿಡುತ್ತಾರೆ, ಕೇಂದ್ರವೇ ಎರಡೂ ಕಡೆ ಸಹಿ ಹಾಕಿದಂತೆ! ‘ಎನ್‌ಆರ್‌ಸಿ’ ಎಂಬ ಆಯೋಗದ ಹ್ರಸ್ವರೂಪವೂ ಬೇಡ. ನಮ್ಮಲ್ಲಿ ಅದು ಪೌರತ್ವದ ನೋಂದಣಿ. ‘ಪರಮಾಣು ನಿಯಂತ್ರಣ ಆಯೋಗ’ ಎಂದು ಬಿಡಿಸಿಯೇ ಬರೆಯುತ್ತೇನೆ. ಕೆಂಟಕಿ ಸಹಿ ಹಾಕಿದಾಗ ಆ ಆಯೋಗವೂ ಇರಲಿಲ್ಲ. ಅದು ಕೆಲಸ ಶುರುಮಾಡಿದ್ದು 1975ರಲ್ಲಿ. ಅದಕ್ಕೆ ಹಿಂದೆ ಇದ್ದದ್ದು ಪರಮಾಣು ಶಕ್ತಿ ಆಯೋಗ, ನಮ್ಮಲ್ಲೂ ಅದೇ ಹೆಸರಿನದು ಇದೆ. ಅಡಿಟಿಪ್ಪಣಿ ಹಾಕದೆ ಗತಿಯಿಲ್ಲ.

‘ವಿಕಿರಣ ನಿಯಂತ್ರಣ’ ಎಂದು ಚಿಕ್ಕದು ಮಾಡಿ ಎಂದು ಸಂಪಾದಕರು ಹೇಳಿದರು. ಒಪ್ಪಲಿಲ್ಲ. ಎಕ್ಸ್-ರೇ ಯಂತ್ರ ವಿಕಿರಣ ಸೂಸುತ್ತದೆ, ಸ್ವಿಚ್ ಆರಿಸಿದರೆ ಬರೀ ಕಬ್ಬಿಣ. ಅದರೊಳಗೆ ವಿಕಿರಣಶೀಲ ವಸ್ತುವಿಲ್ಲ. ಅಮೆರಿಕದಲ್ಲಿ ಇಂಥ ಯಂತ್ರಗಳ ಬಳಕೆಯ ಮೇಲೆ ಕಣ್ಣಿಡುವುದು ಮೊದಲಿನಿಂದಲೂ ರಾಜ್ಯಗಳ ಕೆಲಸ, ಅದನ್ನು ಯಾರೂ ಬಿಟ್ಟುಕೊಡಬೇಕಾಗಿರಲಿಲ್ಲ. ಕೇರಳಕ್ಕೆ ವಹಿಸಿದ್ದು ಎಕ್ಸ್-ರೇ, ಕೆಂಟಕಿಗೆ ಬಿಟ್ಟದ್ದು ಐಸೋಟೋಪು. ‘ಶೀಲ’ ಬಿಟ್ಟರೆ ಈ ಎರಡೂ ಒಂದೇ ಆಗಿಹೋಗುತ್ತವೆ.

ಎಲ್ಲಕ್ಕಿಂತ ತೊಂದರೆ ಕೊಟ್ಟದ್ದು ‘ಬೈಪ್ರಾಡಕ್ಟ್ ಮೆಟೀರಿಯಲ್’. ನಮ್ಮ ಕಡೆ ಉಪೋತ್ಪನ್ನ ಎಂದರೆ ಗಾಣದ ಹಿಂಡಿ, ಸಕ್ಕರೆ ಕಾರ್ಖಾನೆಯ ಕಾಕಂಬಿ, ಮುಖ್ಯವಾದದ್ದು ಹೋದ ಮೇಲೆ ಉಳಿದದ್ದು. ಆದರೆ ಕ್ಯಾನ್ಸರ್ ರೋಗಿಗೆ ‘ಕರೆಂಟ್ ಕೊಡೋದು’ ಎಂದು ನಮ್ಮ ಜನ ಹೇಳುವ ಚಿಕಿತ್ಸೆಯ ಕೋಬಾಲ್ಟ್-60 ಕೂಡ ಕಾಯ್ದೆಯ ಬಾಯಲ್ಲಿ ಉಪೋತ್ಪನ್ನವೇ. ರಿಯಾಕ್ಟರಿನಲ್ಲಿ ಬೇಕೆಂದೇ ತಯಾರಿಸುತ್ತಾರೆ, ಆದರೂ ಉಪ. ಇನ್ನೂ ವಿಚಿತ್ರ ರೇಡಿಯಂದು. ನೆಲದಿಂದ ಬರುವ ರೇಡಿಯಂ-226 ಆಯೋಗದ ಹಿಡಿತದಲ್ಲಿ ಇರಲಿಲ್ಲ, ರಾಜ್ಯಗಳೇ ನೋಡಿಕೊಳ್ಳುತ್ತಿದ್ದವು. 2005ರ ಇಂಧನ ನೀತಿ ಕಾಯ್ದೆ ಏನು ಮಾಡಿತು? ಉಪೋತ್ಪನ್ನದ ವ್ಯಾಖ್ಯೆಗೆ ರೇಡಿಯಂ ಮೂಲಗಳನ್ನೂ ಸೇರಿಸಿತು. ಒಂದು ಪದದ ಅರ್ಥ ಹಿಗ್ಗಿತು, ರಾಜ್ಯದ ಅಧಿಕಾರ ಫೆಡರಲ್ ಕಡೆಗೆ ಸರಿಯಿತು. ಇಲ್ಲಿ ಯಾವ ಗವರ್ನರೂ ಸಹಿ ಹಾಕಲಿಲ್ಲ. ಪದಚರ್ಚೆ ಕೆಲಸಕ್ಕೆ ಬಾರದ್ದು ಎನ್ನುವ ನಮ್ಮ ಮನೆಯವರಿಗೆ ಇದನ್ನು ಓದಿ ಹೇಳಿದ್ದೇನೆ.

‘ಕಂಪ್ಯಾಟಿಬಲ್’ಗೆ ‘ಹೊಂದಿಕೆಯಾಗುವ’ ಎಂದು ಹಾಕಿದ್ದೇನೆ. ರಾಜ್ಯದ ಕಾರ್ಯಕ್ರಮ ಆಯೋಗದ್ದರ ಜೊತೆ ಹೊಂದಬೇಕು, ಪಡಿಯಚ್ಚಾಗಬೇಕಿಲ್ಲ. ವಿಕಿರಣ ಪ್ರಮಾಣದ ಮೂಲಮಿತಿಯಂಥವು ಮಾತ್ರ ಒಂದೇ ಆಗಿರಬೇಕು. ಕೆಲವು ಕಡೆ ರಾಜ್ಯ ಇನ್ನೂ ಬಿಗಿ ಮಾಡಬಹುದು. ಜಾತಕ ಹೊಂದಿಕೆಯಲ್ಲಿ ಎಲ್ಲ ಗುಣವೂ ಕೂಡಬೇಕಿಲ್ಲವಲ್ಲ, ಹಾಗೆ.

ಸದ್ಯಕ್ಕೆ ನಾಮಪದದ ಗೊಡವೆಯೇ ಬೇಡವೆಂದು ಕ್ರಿಯಾಪದಕ್ಕೆ ಶರಣಾಗಿದ್ದೇನೆ. ‘ವಿಕಿರಣಶೀಲ ವಸ್ತುಗಳ ನಿಯಂತ್ರಣ: ಫೆಡರಲ್ ಸರ್ಕಾರ ರಾಜ್ಯಕ್ಕೆ ಬಿಟ್ಟುಕೊಟ್ಟಾಗ’. ‘ಕೈಬಿಟ್ಟಾಗ’ ಎಂದು ಯಾರಾದರೂ ತಿದ್ದಿದರೆ ಅರ್ಥ ತಲೆಕೆಳಗಾಗುತ್ತದೆಂದು ಸಂಪಾದಕರಿಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಆದರೂ ಒಳಪುಟಗಳಲ್ಲಿ ಈ ಮಾತು ಇಪ್ಪತ್ತು ಸಲ ಬರುತ್ತದೆ, ಪ್ರತಿಸಲವೂ ‘ಬಿಟ್ಟುಕೊಡುವಿಕೆ’ ಎಂದರೆ ನಾಲಿಗೆ ತೊಡರುತ್ತದೆ. ‘ಬಿಟ್ಟುಕೊಡಿಕೆ’ ಎಂದು ಯಾರಾದರೂ ಬಳಸಿದ್ದನ್ನು ಕಂಡಿದ್ದೀರಾ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ನೋಂದಣಿ ಕಾಗದಗಳಲ್ಲಿ ಹಕ್ಕು ಬಿಡುವುದಕ್ಕೆ ಬೇರೆ ಏನಾದರೂ ಮಾತಿದೆಯೇ? ಮನೆಯಲ್ಲಿ ಹಳೆಯ ಪತ್ರವಿದ್ದರೆ ಹೆಸರು, ಸರ್ವೆ ನಂಬರು ಮುಚ್ಚಿ, ಆ ಒಂದು ಸಾಲು ಬರೆದು ಕಳಿಸಿದರೂ ಸಾಕು. ಲೇಖನ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.