ಮನೆಯಲ್ಲಿದ್ದರೂ "ಬಾಗಿಲು ಹಾಕಿತ್ತು" ಎಂದು ಬರೆದು ಪಾರ್ಸೆಲ್ ಹಿಂದಿರುಗಿಸುತ್ತಾರೆ: ದೂರುವುದು ಯಾರಲ್ಲಿ?

ಪ್ರಶ್ನೆ: ಡೊಂಬಿವಲಿ ಪೂರ್ವದಾಕೆ

ಮುಂಬಯಿ, ಪುಣೆ, ಗೋವಾಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿಷಯ ಕೇಳಬೇಕಾಗಿದೆ. ನಾವಿರುವುದು ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನಮ್ಮ ಯಜಮಾನರು ಬೆಳಿಗ್ಗೆ ಲೋಕಲ್ ಹಿಡಿದು ಹೊರಟರೆ ಮರಳುವುದು ರಾತ್ರಿಯೇ. ಆದರೆ ನಾನು ಮನೆಯಲ್ಲಿ ಕುಳಿತು ಹೊಲಿಗೆ ಮಾಡುವವಳು, ಮೇಲಾಗಿ ಮಂಡಿನೋವಿನ ಅತ್ತೆಯವರು ಮೆಟ್ಟಿಲಿಳಿಯದೆ ಎರಡು ವರ್ಷವಾಯಿತು. ಹಾಗಾಗಿ ಈ ಮನೆಗೆ ಹಗಲು ಹೊತ್ತಿನಲ್ಲಿ ಬೀಗ ಬೀಳುವ ಪ್ರಸಂಗವೇ ಇಲ್ಲ.

ಹೀಗಿದ್ದೂ ಈ ವಾರ ಮೂರು ದಿನ ಬಿಡದೆ, ಸಂಜೆ ಎಂಟರ ಸುಮಾರಿಗೆ, "ಡೆಲಿವರಿಗೆ ಬಂದಾಗ ಬಾಗಿಲು ಹಾಕಿತ್ತು" ಎಂಬ ಸಂದೇಶ ನನ್ನ ಫೋನಿಗೆ ಬಂದಿದೆ. ಒಂದು ಕರೆಯಿಲ್ಲ, ಕರೆಗಂಟೆಯ ಸದ್ದಿಲ್ಲ. ಶಿರಸಿಯಿಂದ ಅಮ್ಮ ಕಳುಹಿಸಿದ ಪೆಟ್ಟಿಗೆ ಅದು: ಎರಡು ಕಿಲೋ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಅತ್ತೆಯವರಿಗೆಂದು ಹಳೆಯ ಪತ್ರಿಕೆಯ ಪದರಗಳ ನಡುವೆ ಇಟ್ಟ ತೊಡೆದೇವು. ಮೂರನೆಯ ದಿನದ ಸಂದೇಶದ ಕೊನೆಯಲ್ಲಿ "ಕಳುಹಿಸಿದವರಿಗೆ ಮರಳಿಸಲಾಗುವುದು" ಎಂದಿತ್ತು. ಗ್ರಾಹಕ ಸೇವೆಗೆ ಕರೆ ಮಾಡಿದರೆ ಯಂತ್ರದ ದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತ ಹೋಗಿ, ಕೊನೆಗೆ ಮನುಷ್ಯರ ದನಿ ಸಿಗುವ ಹೊತ್ತಿಗೆ ಕರೆ ಕಡಿದುಹೋಯಿತು.

ಇದಕ್ಕೂ ಹಿಂದಿನ ತಿಂಗಳು ಆನ್‌ಲೈನ್ ಮಳಿಗೆಯೊಂದರಲ್ಲಿ ರಕ್ತದೊತ್ತಡ ನೋಡುವ ಯಂತ್ರ ತರಿಸಿದ್ದೆವು. ಆ ಕೊರಿಯರ್ ಹುಡುಗ ಫೋನಿನಲ್ಲಿ "ಗೇಟಿನಲ್ಲಿದ್ದೇನೆ, ಓಟಿಪಿ ಹೇಳಿ" ಎಂದ, ನಾನು ಹೇಳಿದೆ. ಪೆಟ್ಟಿಗೆ ಬಂದದ್ದು ಮರುದಿನ ಸಂಜೆ, ಅದೂ ತೆರೆದು ಮತ್ತೆ ಟೇಪು ಸುತ್ತಿದ ಸ್ಥಿತಿಯಲ್ಲಿ. ಒಳಗೆ ತೋಳಿಗೆ ಸುತ್ತುವ ಕೈಪಟ್ಟಿಯೇ ಇರಲಿಲ್ಲ. ಓಟಿಪಿ ಕೊಟ್ಟ ಮೇಲೆ ತಕರಾರು ನಡೆಯುವುದಿಲ್ಲ ಎಂಬ ಉತ್ತರ ಸಿಕ್ಕಿತು.

ದೂರು ಕೊಟ್ಟರೆ ಬಿಸಿಲಿನಲ್ಲಿ ಓಡಾಡುವ ಹುಡುಗನ ದಿನಗೂಲಿಗೆ ಕತ್ತರಿ ಬೀಳುತ್ತದೆಂಬ ಅಳುಕು ಒಂದು ಕಡೆ. ಸುಮ್ಮನಿದ್ದರೆ ಮುಂದಿನ ಪೆಟ್ಟಿಗೆಗೂ ಇದೇ ಗತಿ ಎಂಬ ಸಿಟ್ಟು ಇನ್ನೊಂದು ಕಡೆ. ಬಲ್ಲವರು ತಿಳಿಸಬೇಕು.

ಉತ್ತರ: ಭೋಸರಿಯವ

ಅಕ್ಕಾ, ನಾನು ಪಿಂಪ್ರಿ-ಚಿಂಚ್‌ವಾಡದ ಕಡೆ, ಪಾರ್ಸೆಲ್ ವಿಂಗಡಿಸಿ ಹಂಚಲು ಕಳುಹಿಸುವ ಒಂದು ಕೊರಿಯರ್ ಹಬ್‌ನಲ್ಲಿ ಆರು ವರ್ಷ ಮೇಲ್ವಿಚಾರಕನಾಗಿದ್ದೆ, ಈಗ ಬಿಟ್ಟಿದ್ದೇನೆ. ಆದ್ದರಿಂದ ಒಳಗಿನದನ್ನು ಹೇಳಬಲ್ಲೆ. ಮೊದಲ ಮಾತು, ಈ ಉತ್ತರವನ್ನು ಪೂರ್ತಿ ಓದುವ ಮುಂಚೆಯೇ ನಿಮ್ಮ ಅಮ್ಮನಿಗೆ ಫೋನ್ ಮಾಡಿ, ಅವರು ಪಾರ್ಸೆಲ್ ಕೊಟ್ಟ ಕೌಂಟರಿಗೆ ಹೋಗಿ "ವಾಪಸು ಕಳುಹಿಸಬೇಡಿ, ಹಬ್‌ನಲ್ಲೇ ಇರಿಸಿ" ಎಂದು ಹೇಳುವಂತೆ ಮಾಡಿ. ಕೊರಿಯರ್‌ನವರ ಲೆಕ್ಕದಲ್ಲಿ ಗಿರಾಕಿ ಎಂದರೆ ಹಣ ಕೊಟ್ಟು ಕಳುಹಿಸಿದವರು, ಪಡೆಯುವವರಲ್ಲ. ನೀವು ಹತ್ತು ಸಲ ಕೇಳಿದರೂ ಆಗದ್ದು ಶಿರಸಿಯ ಕೌಂಟರಿನವನ ಒಂದು ಕರೆಯಿಂದ ಆಗುತ್ತದೆ. ವಾಪಸಿನ ಚೀಲ ಕಟ್ಟಿ ಗಾಡಿ ಹತ್ತಿಸಿದರೆ ಮಾತ್ರ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಇನ್ನು ಆ ಸಂದೇಶದ ಹುಟ್ಟು. ಬೆಳಿಗ್ಗೆ ಹಬ್‌ನಲ್ಲಿ ಹುಡುಗನ ಹೆಸರಿಗೆ ಅಂದು ಕೊಡಬೇಕಾದ ಪಾರ್ಸೆಲ್‌ಗಳ ಪಟ್ಟಿ, ಅಂದರೆ ಒಂದು ರನ್‌ಶೀಟ್ ತಯಾರಾಗುತ್ತದೆ. ನಮ್ಮಲ್ಲಿ ಹಬ್ಬದ ದಿನಗಳಲ್ಲಿ ಒಬ್ಬೊಬ್ಬನಿಗೆ ಎಂಬತ್ತು, ತೊಂಬತ್ತು ಪಾರ್ಸೆಲ್ ಬರೆದದ್ದುಂಟು. ಹುಡುಗನಿಗೆ ಹಣ ಸಿಗುವುದು ಕೊಟ್ಟು ಮುಗಿಸಿದ ಪಾರ್ಸೆಲ್‌ಗೆ ಇಷ್ಟು ಎಂಬ ಲೆಕ್ಕದಲ್ಲಿ. ಪೆಟ್ರೋಲು ಅವನದೇ, ಗಾಡಿ ಕೆಟ್ಟರೆ ದುರಸ್ತಿಯೂ ಅವನದೇ. ರಾತ್ರಿ ಶೀಟ್ ಮುಚ್ಚುವಾಗ ಉಳಿದ ಪ್ರತಿಯೊಂದು ಪಾರ್ಸೆಲ್‌ಗೂ ಫೋನಿನಲ್ಲಿ ಒಂದು ಕಾರಣ ಒತ್ತಲೇಬೇಕು. "ನನಗೆ ಸಮಯ ಸಾಲಲಿಲ್ಲ" ಎಂಬ ಕಾರಣ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. "ಗ್ರಾಹಕರು ನಿರಾಕರಿಸಿದರು" ಎಂದು ಒತ್ತಿದರೆ ನಿಮಗೆ ಓಟಿಪಿ ಹೋಗುತ್ತದೆ, "ವಿಳಾಸ ತಪ್ಪು" ಎಂದರೆ ಮೇಲ್ವಿಚಾರಕ ಕರೆದು ವಿಚಾರಿಸುತ್ತಾನೆ. "ಬಾಗಿಲು ಹಾಕಿತ್ತು" ಎಂಬುದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ನಿಮ್ಮ ಸಂದೇಶ ಸಂಜೆ ಎಂಟಕ್ಕೇ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಅಷ್ಟೇ: ಅದು ಅವನು ನಿಮ್ಮ ಮನೆಗೆ ಬಂದ ಹೊತ್ತಲ್ಲ, ಶೀಟ್ ಮುಚ್ಚಿದ ಹೊತ್ತು. ನಾನೂ ಆ ಶೀಟುಗಳಿಗೆ ಸಹಿ ಹಾಕಿದವನೇ. ಸುಳ್ಳೆಂದು ಗೊತ್ತಿದ್ದೇ ಹಾಕಿದ್ದೇನೆ.

ಆದ್ದರಿಂದ ದೂರಿನಲ್ಲಿ "ಹುಡುಗ ಸರಿಯಿಲ್ಲ" ಎಂದು ಬರೆಯಬೇಡಿ. ಎ.ಡಬ್ಲ್ಯು.ಬಿ. ಸಂಖ್ಯೆ, ಅಂದರೆ ರಸೀದಿಯಲ್ಲಿರುವ ಪಾರ್ಸೆಲ್‌ನ ಗುರುತಿನ ಸಂಖ್ಯೆ ಕೊಟ್ಟು, "ಇಂಥ ದಿನ ಹಾಕಿದ ಷರಾ ಸುಳ್ಳು, ಆ ಹೊತ್ತಿಗೆ ಗಾಡಿ ಎಲ್ಲಿತ್ತು ಮತ್ತು ನನಗೆ ಕರೆ ಹೋಗಿತ್ತೇ ಎಂಬುದರ ದಾಖಲೆ ಕೊಡಿ" ಎಂದು ಬರೆಯಿರಿ. ಷರಾ ಒತ್ತಿದ ಜಾಗವೂ ಹೊರಹೋದ ಕರೆಯೂ ನಮ್ಮ ಆ್ಯಪ್‌ನಲ್ಲಿ ದಾಖಲಾಗುತ್ತಿದ್ದವು. ಕೇಳುವವರಿದ್ದಾರೆ ಎಂದು ತಿಳಿದ ಪಾರ್ಸೆಲ್ ಮರುದಿನ ರನ್‌ಶೀಟಿನ ಮೇಲ್ತುದಿಗೆ ಬರುತ್ತದೆ, ಇದು ನಾನು ಕಣ್ಣಾರೆ ಕಂಡದ್ದು.

ಇನ್ನೊಂದು ಸಂಶಯ. ಮೂರು ದಿನವೂ ಒಂದೇ ಷರಾ ಬಿದ್ದಿರುವುದು ನನಗೆ ಬರೀ ಸೋಮಾರಿತನದಂತೆ ಕಾಣುತ್ತಿಲ್ಲ. ರಸೀದಿಯಲ್ಲಿ ಪಿನ್ ಕೋಡ್ ನೋಡಿದ್ದೀರಾ? ಡೊಂಬಿವಲಿ ಪೂರ್ವಕ್ಕೆ 421201, ಪಶ್ಚಿಮಕ್ಕೆ 421202. ಚೀಲ ಬೇರೆಯಾಗುವುದು ಆ ಸಂಖ್ಯೆಯ ಮೇಲೆಯೇ. ನೀವು ಎಷ್ಟು ದೊಡ್ಡಕ್ಷರದಲ್ಲಿ "ಪೂರ್ವ" ಎಂದು ಬರೆದರೂ ಅದನ್ನು ಓದುವುದು ಕೊನೆಯ ಹುಡುಗ ಮಾತ್ರ.

ಉತ್ತರ: ಮುಲುಂಡ್ ವಕೀಲ

ಮೇಲಿನವರು ಹೇಳಿದ್ದು ವ್ಯವಹಾರಕ್ಕೆ ಸರಿ. ಕಾನೂನಿನ ಮಾತಿಗೆ ಬಂದರೆ ನಿಮ್ಮ ಎರಡು ಪ್ರಕರಣಗಳನ್ನು ಬೆರೆಸಬಾರದು.

ರಕ್ತದೊತ್ತಡದ ಯಂತ್ರದ ವಿಷಯದಲ್ಲಿ ನೀವು ಹಣ ಕೊಟ್ಟದ್ದು ಮಳಿಗೆಗೆ, ಕೊರಿಯರ್ ಎಂದರೆ ಮಳಿಗೆಯವರು ಗೊತ್ತುಮಾಡಿದ ಸಾಗಣೆದಾರ. ಆದ್ದರಿಂದ ಕೊರಿಯರ್‌ನವರ ಜೊತೆ ಜಗಳಕ್ಕಿಳಿಯದೆ ನೇರವಾಗಿ ಮಳಿಗೆಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ದೂರಿ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಅಧಿಕಾರಿಯ ಹೆಸರನ್ನೂ ಸಂಪರ್ಕವನ್ನೂ ಜಾಲತಾಣದಲ್ಲಿ ತೋರಿಸಲೇಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. "ಓಟಿಪಿ ಕೊಟ್ಟಿರಿ, ಮುಗಿಯಿತು" ಎಂಬ ವಾದಕ್ಕೆ ಹೆದರಬೇಡಿ. ಓಟಿಪಿಯಿಂದ ಹೆಚ್ಚೆಂದರೆ ಪೆಟ್ಟಿಗೆ ತಲುಪಿತೆಂದು ಹೇಳಬಹುದು, ಕೈಪಟ್ಟಿ ಒಳಗಿತ್ತೆಂದು ಹೇಳಲಾಗದು. ಹಾಗೆಂದು ಮುಂದೆ ಪೆಟ್ಟಿಗೆ ಕೈಗೆ ಬರುವ ಮುನ್ನ ಓಟಿಪಿ ಹೇಳಬೇಡಿ, ಟೇಪು ಕತ್ತರಿಸುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಅದರ ನಂತರದ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಠಾಣೆ ಜಿಲ್ಲೆಯ ಆಯೋಗದಲ್ಲಿ, ದೂರು ಸಲ್ಲಿಸಬಹುದು, ಮಳಿಗೆಯ ಕಚೇರಿ ಯಾವ ಊರಿನಲ್ಲಿದ್ದರೂ ಸರಿಯೇ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ದೂರು ಸಲ್ಲಿಸಲು ಕಾಲಾವಧಿ 2 ವರ್ಷ.

ಅಮ್ಮನ ಪೆಟ್ಟಿಗೆಯಲ್ಲಿ ಒಪ್ಪಂದ ಅವರಿಗೂ ಕೊರಿಯರ್‌ಗೂ ನಡುವಿನದು. ಆದರೂ ಸೇವೆಯ ಫಲ ಪಡೆಯುವವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುವುದರಿಂದ ನೀವೂ ದೂರಬಹುದು. ತೊಡಕಿರುವುದು ಪರಿಹಾರದ ಮೊತ್ತದಲ್ಲಿ. ರಸೀದಿಯ ಹಿಂಬದಿಯಲ್ಲಿ ಇರುವೆಯ ಸಾಲಿನಂತೆ ಅಚ್ಚಾದ ಷರತ್ತುಗಳಲ್ಲಿ, ಕಳೆದುಹೋದರೆ ಇಂತಿಷ್ಟು ಮಾತ್ರ ಕೊಡುತ್ತೇವೆ ಎಂಬ ಸಾಲೊಂದಿರುತ್ತದೆ. ಸಹಿ ಹಾಕಿದವರನ್ನು ಅಂಥ ಮಿತಿ ಕಟ್ಟಿಹಾಕುತ್ತದೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಕೊರಿಯರ್ ಪ್ರಕರಣವೊಂದರಲ್ಲಿ ಹೇಳಿದೆ. ಆದ್ದರಿಂದ ಬೆಲೆಬಾಳುವುದನ್ನು ಕಳುಹಿಸುವಾಗ ಮೌಲ್ಯ ಬರೆಸಿ, ವಿಮೆ ಮಾಡಿಸುವುದು ಒಳ್ಳೆಯದು. ಉಪ್ಪಿನಕಾಯಿಗೆ ಯಾರು ವಿಮೆ ಮಾಡಿಸುತ್ತಾರೆ ಎಂದು ಕೇಳಬೇಡಿ, ನನ್ನ ಮನೆಯಲ್ಲೂ ಅದೇ ಪ್ರಶ್ನೆ ಬಂದಿದೆ.

ಉತ್ತರ: ಘಾಟ್ಕೋಪರ್ ಸೊಸೈಟಿ ಕಾರ್ಯದರ್ಶಿ

ಹುಡುಗರನ್ನು ದೂರುವ ಮುನ್ನ ನಮ್ಮ ಸೊಸೈಟಿಗಳನ್ನೂ ನೋಡಿಕೊಳ್ಳೋಣ. ನಮ್ಮಲ್ಲಿ ಕಳೆದ ವರ್ಷದವರೆಗೂ "ಡೆಲಿವರಿಯವರು ಲಿಫ್ಟ್ ಬಳಸಕೂಡದು" ಎಂಬ ಹಲಗೆ ತೂಗುತ್ತಿತ್ತು; ಹನ್ನೊಂದನೆಯ ಮಹಡಿಗೆ ನೀರಿನ ಶುದ್ಧೀಕರಣ ಯಂತ್ರ ಹೊತ್ತು ತಂದವನೊಬ್ಬ ಅದನ್ನು ಓದಿ, ಪೆಟ್ಟಿಗೆಯನ್ನು ಹಲಗೆಯ ಕೆಳಗೇ ಇಟ್ಟು ಹೋದ. ಆಮೇಲೆ ಸಭೆಯಲ್ಲಿ ಜಗಳವಾಡಿ ಹಲಗೆ ತೆಗೆಸಿದೆ. ಈಗ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಒಂದು ಕಪಾಟು ಮತ್ತು ಒಂದು ವಹಿ ಇದೆ, ಪಡೆದವರು ಸಹಿ ಹಾಕುತ್ತಾರೆ. ವಾಚ್‌ಮನ್‌ಗೆ ಇಂಗ್ಲಿಷ್ ಓದಲು ಬಾರದು, ಆದ್ದರಿಂದ ಫ್ಲ್ಯಾಟ್ ಸಂಖ್ಯೆಯ ಮುಂದೆ ಎಲ್ಲರ ಹೆಸರನ್ನೂ ದೇವನಾಗರಿಯಲ್ಲಿ ಬರೆದು ಅಂಟಿಸಿದ್ದೇವೆ. ಇಷ್ಟರಿಂದಲೇ ತಕರಾರು ಬಹಳ ಇಳಿದಿದೆ.

ಉತ್ತರ: ಫೋಂಡಾ ಮಾಸ್ತರ

ನೀವು ಮುಂಬಯಿಯವರು ಕಟ್ಟಡಕ್ಕೆ ಹೆಸರಿದ್ದೂ ಇಷ್ಟು ಒದ್ದಾಡುತ್ತಿದ್ದೀರಿ. ಗೋವಾದ ಹಳ್ಳಿಯ ವಾಡೆಗಳಲ್ಲಿ, ಅಂದರೆ ಕೇರಿಗಳಲ್ಲಿ, ಬೀದಿಗೆ ಹೆಸರಿಲ್ಲ, ಪಂಚಾಯಿತಿಯ ಮನೆ ಸಂಖ್ಯೆಗೂ ಮನೆಗಳ ಸಾಲಿಗೂ ಸಂಬಂಧವಿಲ್ಲ. ನಮ್ಮ ಪಕ್ಕದ ಮನೆಯ ಸಂಖ್ಯೆ ಹುಡುಕಬೇಕಾದರೆ ತೋಟ ದಾಟಿ ದೇವಸ್ಥಾನದ ಆಚೆ ಹೋಗಬೇಕು. ಕೊರಿಯರ್‌ನವನು ದೊಡ್ಡ ರಸ್ತೆಯ ತಿರುವಿನಲ್ಲಿ ನಿಂತು "ಇಲ್ಲಿಗೇ ಬನ್ನಿ" ಎನ್ನುತ್ತಾನೆ, ಮಳೆಗಾಲದಲ್ಲಿ ನಾನು ಕೊಡೆ ಹಿಡಿದು ಹೋಗುತ್ತೇನೆ. ಮನೆ ಬಾಗಿಲಿಗೆ ತಲುಪಿಸುವುದಕ್ಕೆಂದು ಕೊಟ್ಟ ಹಣ ಅದು ಎಂದು ಒಮ್ಮೆ ಹೇಳಿದ್ದಕ್ಕೆ, ಗಾಡಿ ಕೆಸರಿನಲ್ಲಿ ಹೂತರೆ ನೀವು ತಳ್ಳುತ್ತೀರಾ ಎಂದು ಕೇಳಿದ. ತಳ್ಳುವ ವಯಸ್ಸು ನನ್ನದಲ್ಲ.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ಹತ್ತು ಅಕ್ಷರಗಳ ಗುರುತನ್ನು ತಂದಿದೆ. ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಕ್ಕೆ ಒಂದೊಂದು ಗುರುತು. ನಮ್ಮ ತುಳಸಿಕಟ್ಟೆಗೊಂದು, ಬಾವಿಗೊಂದು ಸಿಗುತ್ತದೆ. ನಾನು ಅದನ್ನು ವಿಳಾಸದ ಕೆಳಗೆ ಬರೆಯುತ್ತಿದ್ದೇನೆ, ಆದರೆ ನಮ್ಮ ಕಡೆಯ ಕೊರಿಯರ್ ಹುಡುಗರು ಅದೇನೆಂದು ನನ್ನನ್ನೇ ಕೇಳುತ್ತಾರೆ. ಹಾಗಾಗಿ ಊರಿನಿಂದ ಬರುವುದನ್ನೆಲ್ಲ ಸ್ಪೀಡ್ ಪೋಸ್ಟ್‌ನಲ್ಲೇ ತರಿಸುತ್ತೇನೆ. ಮನೆಯಲ್ಲಿ ಯಾರೂ ಇರದಿದ್ದರೆ ಅಂಚೆಯವನು ಚೀಟಿ ಇಟ್ಟು ಹೋಗುತ್ತಾನೆ, ವಸ್ತು 7 ದಿನ ಅಂಚೆ ಕಚೇರಿಯಲ್ಲಿ ಕಾಯುತ್ತದೆ, ಹೋಗಿ ತರಬಹುದು. ಎರಡು ದಿನ ತಡವಾದರೂ ನನ್ನ ಮುಖ ಬಲ್ಲವನು ತರುತ್ತಾನೆ.

ಉತ್ತರ: ಡೊಂಬಿವಲಿ ಪೂರ್ವದಾಕೆ

ಎಲ್ಲರಿಗೂ ವಂದನೆಗಳು. ಭೋಸರಿಯವರ ಸಂಶಯವೇ ನಿಜವಾಯಿತು. ಅಂದು ರಾತ್ರಿಯೇ ಅಮ್ಮನಿಂದ ರಸೀದಿಯ ಫೋಟೋ ತರಿಸಿಕೊಂಡು ನೋಡಿದರೆ ಅದರಲ್ಲಿ 421202 ಎಂದು ಅಚ್ಚಾಗಿತ್ತು. ಅಮ್ಮ ಪೆಟ್ಟಿಗೆಯ ಮೇಲೆ ಪಿನ್ ಬರೆದದ್ದು ಕನ್ನಡದ ಅಂಕಿಗಳಲ್ಲಿ, ೪೨೧೨೦೧ ಎಂದು. ಕೊನೆಯ ಒಂದಕ್ಕೆ ಅವರ ಪೆನ್ನು ಒಂದಿಷ್ಟು ಬಾಲ ಹೆಚ್ಚು ಎಳೆದಿದ್ದರಿಂದ ಕೌಂಟರಿನ ಹುಡುಗ ಅದನ್ನು ಎರಡೆಂದು ಓದಿದ್ದ. ಹಾಗಾಗಿ ನಮ್ಮ ಪೆಟ್ಟಿಗೆ ಮೂರು ದಿನ ಹಳಿಯ ಆಚೆ ಪಶ್ಚಿಮದಲ್ಲಿ ಸುತ್ತಿದೆ, ಅಲ್ಲಿ ಇರದ ಕಟ್ಟಡದ ಇರದ ಬಾಗಿಲು ಮೂರು ಸಲ ಹಾಕಿಕೊಂಡಿದೆ. ತಪ್ಪಿನ ಮೊದಲ ಎಳೆ ನಮ್ಮ ಕಡೆಯದೇ ಎಂದು ಒಪ್ಪುತ್ತೇನೆ. ಆದರೆ ಮೊದಲ ದಿನವೇ "ವಿಳಾಸ ಸಿಗುತ್ತಿಲ್ಲ" ಎಂದು ಒಂದು ಕರೆ ಬಂದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಮಾತು ಇದು. ಆದ್ದರಿಂದ ಷರಾದ ಬಗ್ಗೆ, ಹುಡುಗನ ಹೆಸರೆತ್ತದೆ, ದೂರು ಬರೆದಿದ್ದೇನೆ.

ಶಿರಸಿಯ ಕೌಂಟರಿನವರೇ ಫೋನ್ ಮಾಡಿ ಪೆಟ್ಟಿಗೆಯನ್ನು ತಡೆಸಿದರು. ಮರುದಿನ ಸ್ಟೇಷನ್ನಿನ ಪಾದಚಾರಿ ಸೇತುವೆ ದಾಟಿ, ಆಧಾರ್ ಕಾರ್ಡ್ ತೋರಿಸಿ ನಾನೇ ತಂದೆ. ಹಬ್ ಎಂದರೆ ದೊಡ್ಡ ಕಚೇರಿ ಎಂದುಕೊಂಡಿದ್ದೆ. ಅದು ಶಟರ್ ಎಳೆಯುವ ಎರಡು ಗಾಳೆಯ, ಅಂದರೆ ಎರಡು ಅಂಗಡಿಯಷ್ಟು ಜಾಗದ, ಕೋಣೆ, ನೆಲದ ಮೇಲೆ ಗೋಣಿಚೀಲಗಳು, ಚೀಲಗಳ ನಡುವೆ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದ ಇಬ್ಬರು ಹುಡುಗರು. ಮಳಿಗೆಯ ಅಧಿಕಾರಿಯಿಂದ ದೂರು ತಲುಪಿದೆ ಎಂಬ ಒಪ್ಪಿಗೆ ಎರಡನೆಯ ದಿನ ಬಂದಿದೆ, ತಿಂಗಳು ತುಂಬಲು ಇನ್ನೂ ಮೂರು ವಾರವಿದೆ.

ಉಪ್ಪಿನಕಾಯಿಯ ಮುಚ್ಚಳ ಸಡಿಲಾಗಿರಲಿಲ್ಲ, ಹಪ್ಪಳವೂ ಸುಮಾರಾಗಿತ್ತು. ತೊಡೆದೇವು ಮಾತ್ರ ಪೂರ್ತಿ ಪುಡಿ. ಅತ್ತೆಯವರು ಅದನ್ನು ಬಟ್ಟಲಿಗೆ ಸುರಿಸಿಕೊಂಡು, ಮೇಲೆ ಬಿಸಿ ಹಾಲು, ಒಂದು ಚಮಚ ತುಪ್ಪ ಹಾಕಿಸಿಕೊಂಡು ತಿಂದರು. ಹಲ್ಲಿಲ್ಲದವರಿಗೆ ಇದೇ ಅನುಕೂಲ, ಮುಂದಿನ ಸಲವೂ ಕೊರಿಯರ್‌ನಲ್ಲೇ ಕಳುಹಿಸಲು ಹೇಳು ಎಂದರು.